ಎಣ್ಣೆ ಎಲ್ಲಿಂದ

ಜೀಪಿನ ಕೆಳಗೆ ಮತ್ತೆ ಎಣ್ಣೆ ಬಿದ್ದಿತ್ತು. ರಾತ್ರಿ ಹಾಸಿಟ್ಟ ಗೋಣಿಚೀಲದ ಮೇಲೆ ಅಂಗೈ ಅಗಲದ ಕಪ್ಪು ಕಲೆ. ಅದರ ಅಂಚು ಇನ್ನೂ ಹಸಿಯಾಗಿತ್ತು, ನೂಲಿನ ಗುಂಟ ಮೆಲ್ಲಗೆ ಹಬ್ಬುತ್ತಲೇ ಇತ್ತು. ರಾವಸಾಹೇಬ ಕುಕ್ಕರಗಾಲಿನಲ್ಲಿ ಕುಳಿತು ಅದನ್ನು ನೋಡಿದ. ಅಣ್ಣ ಬಾಬಾಸಾಹೇಬ ಬಚ್ಚಲಿನಲ್ಲಿ ತಂಬಿಗೆಯಿಂದ ನೀರು ಸುರಿದುಕೊಳ್ಳುವ ಸಪ್ಪಳ ಕೇಳುತ್ತಿತ್ತು. ಆ ಸಪ್ಪಳ ನಿಲ್ಲುವುದರೊಳಗೆ ಚೀಲವನ್ನು ಸುತ್ತಿ ಕೊಟ್ಟಿಗೆಯ ಹಿಂದೆ ಒಗೆದುಬಿಡಬೇಕೆಂದು ಅವನ ಕೈ ತಾನಾಗಿಯೇ ಚೀಲದ ತುದಿಯನ್ನು ಹಿಡಿದಿತ್ತು. ಹಿಡಿದ ಮೇಲೆ ತಾನು ಮಾಡುತ್ತಿರುವುದೇನೆಂದು ಹೊಳೆಯಿತು. ಹಾಸಿಗೆ ಒದ್ದೆ ಮಾಡಿಕೊಂಡ ಹುಡುಗ ಯಾರೂ ಏಳುವ ಮುಂಚೆ ಕೌದಿ ಮಡಚಿಡುವ ಹಾಗೆ. ನಲವತ್ತು ದಾಟಿದ, ಮದುವೆಗೆ ಬಂದ ಮಗಳಿರುವ ಗಂಡಸು. ಕಿವಿ ಬಿಸಿಯಾದವು. ಚೀಲವನ್ನು ಅಲ್ಲಿಯೇ ಬಿಟ್ಟು ಎದ್ದು ನಿಂತ. ನೋಡಲಿ. ನೋಡಿ ಏನನ್ನುತ್ತಾನೋ ಅನ್ನಲಿ. ಆದರೆ ಬಚ್ಚಲಿನ ಸಪ್ಪಳ ನಿಂತಾಗ ಅವನ ಎದೆ ಧಸಕ್ ಎಂದದ್ದು ನಿಜ, ಅದಕ್ಕಾಗಿ ತನ್ನ ಮೇಲೆಯೇ ಅವನಿಗೆ ಇನ್ನಷ್ಟು ಸಿಟ್ಟು ಬಂತು.

ಅವ್ವ ಕೆಂಚವ್ವ ತೀರಿಕೊಳ್ಳುವ ಮೊದಲು ಇದು 'ನಮ್ಮ ಗಾಡಿ'ಯಾಗಿತ್ತು. ಉಗಾರ ಬುದ್ರುಕದಲ್ಲಿ ಯಾರು ಕೇಳಿದರೂ ಬಾಬಾಸಾಹೇಬ ಹಾಗೆಯೇ ಅನ್ನುತ್ತಿದ್ದ. ನಮ್ಮ ಕಬ್ಬು, ನಮ್ಮ ದ್ರಾಕ್ಷಿ ಪಡ, ನಮ್ಮ ಗಾಡಿ. ಅವ್ವನನ್ನು ಸುಟ್ಟು ಬಂದ ಮರುದಿನದಿಂದ ಅದು 'ರಾವಸಾಹೇಬನ ಗಾಡಿ' ಆಯಿತು. ಯಾರೂ ಕೂಡಿ ಮಾತಾಡಿ ಮಾಡಿದ ತೀರ್ಮಾನವಲ್ಲ. ಮನೆಯ ಹೆಂಗಸರು, ಆಳುಗಳು, ಎದುರು ಮನೆಯವರು ಎಲ್ಲರ ಬಾಯಲ್ಲೂ ಒಂದೇ ಸಲಕ್ಕೆ ಆ ಹೆಸರು ಕುಳಿತುಬಿಟ್ಟಿತು. ಅವತ್ತು ನಸುಕಿನಲ್ಲಿ ಎದೆ ಹಿಡಿದುಕೊಂಡು ಕುಸಿದ ಅವ್ವನನ್ನು ಮಿರಜದ ದವಾಖಾನೆಗೆ ಒಯ್ಯುವಾಗ ಶೇಡಬಾಳದ ಆಚೆ ರೈಲ್ವೆ ಗೇಟು ಬಿದ್ದಿತ್ತು. ಗಾಡಿ ನಿಂತಿತು, ಮತ್ತೆ ಏಳಲಿಲ್ಲ. ಅಷ್ಟೇ. ದವಾಖಾನೆಯಲ್ಲಿ ಡಾಕ್ಟರು ಕೈ ತೊಳೆಯುತ್ತ, ಸ್ವಲ್ಪ ಮೊದಲು ತಂದಿದ್ದರೆ ನೋಡಬಹುದಿತ್ತು ಎಂದು ಮರಾಠಿಯಲ್ಲಿ ಅಂದಿದ್ದ. ದಿನಕ್ಕೆ ಹತ್ತು ಜನರಿಗೆ ಅನ್ನುವ ಮಾತು ಇರಬೇಕು ಅದು. ಆದರೆ ಅಣ್ಣ ಅದನ್ನು ಅಂಗಿಯ ಜೇಬಿನಲ್ಲಿಟ್ಟುಕೊಂಡು ಬಂದವನ ಹಾಗೆ ಊರಿಗೆ ತಂದ, ಬಂದವರಿಗೆಲ್ಲ ತೆಗೆದು ತೋರಿಸಿದ.

ಹೆಂಡತಿ ಸಾವಿತ್ರೆವ್ವ ಚಹಾದ ಬಟ್ಟಲು ಹಿಡಿದು ಬಂದಳು. ಗೋಣಿಚೀಲವನ್ನು ನೋಡಿ ಕಾಲಿನಿಂದ ಅದನ್ನು ಗಾಲಿಯ ಮರೆಗೆ ಸರಿಸಿದಳು. ಅದೂ ಅವನಿಗೆ ಚುಚ್ಚಿತು.

"ಇವತ್ತ ನಿಪ್ಪಾಣಿಗಿ ಒಯ್ಯತೇನಿ," ಅಂದ.

"ಕಾಗವಾಡದ ಮಿಸ್ತ್ರಿ ಧರಣೇಂದ್ರ ರಿಪೇರಿ ಮಾಡ್ಯಾನಲ್ಲರಿ, ಎರಡ ಸರ್ತಿ."

"ಅವ ಮಾಡಿದ್ದು ಕಾಣವಲ್ತೇನ? ಎಣ್ಣೀ ಸೀಲ್ ಬದಲಿ ಮಾಡತಾನ, ಮತ್ತ ಸೋರತೈತಿ. ಆಲ್ಟರ್ನೇಟರ್ ಕಟ್ಟಿಸಿ ತರತೇನಿ, ಮತ್ತ ಚಾರ್ಜ್ ನಿಂದರತೈತಿ. ಕೇಳಿದರ ಹಳೀ ಗಾಡಿ, ಸೋರಲಿ ಬಿಡ್ರಿ, ಎಣ್ಣಿ ಹಾಕ್ಕೋತ ಹೋಗ್ರಿ ಅಂತಾನ. ಅಣ್ಣನ ಮುಂದ ಏನ ಹೇಳ್ಯಾನ ಗೊತ್ತೈತೇನ? ನಿಮ್ಮ ತಮ್ಮಾರು ಗಾಡೀನ ಎತ್ತಿನಂಗ ಬಡದ ಹೊಡೀತಾರ ಅಂತ."

"ನೀವರೆ ಅವತ್ತ ಬಾಯಿ ತಗೀಬೇಕಿತ್ತು."

ಬಾಬಾಸಾಹೇಬ ಬಿಳೀ ಧೋತರದ ಚುಂಗು ಹಿಡಿದು ಪಡಸಾಲೆಗೆ ಬಂದದ್ದರಿಂದ ಆ ಮಾತು ಅಲ್ಲಿಗೇ ಉಳಿಯಿತು. ಅಣ್ಣನ ಕಣ್ಣು ನೇರವಾಗಿ ಜೀಪಿನ ಕೆಳಗೆ ಹೋಯಿತು, ಅಲ್ಲಿಂದ ತಮ್ಮನ ಮುಖಕ್ಕೆ ಬಂತು. ಅವ್ವನ ಹೆಸರಿನಲ್ಲಿ ಊರಿಗೊಂದು ನೀರಿನ ಟಾಕಿ ಕಟ್ಟಿಸಬೇಕೆಂದು ಅವನು ಮನಸ್ಸು ಮಾಡಿದ್ದ. ಅದನ್ನು ಮಾತಾಡಲು ಅವ್ವನ ತಮ್ಮ, ಬೋರಗಾಂವದ ಲಗಮಣ್ಣ ಮಾಮಾ ಬರಬೇಕಿತ್ತು.

"ನಿಪ್ಪಾಣಿಗಿ ಹೊಂಟೀಯಂತಲ್ಲ, ಹೊಳ್ಳಿ ಬರುಮುಂದ ಬೋರಗಾಂವದಿಂದ ಮಾಮಾನ್ನ ಕರ್ಕೊಂಡ ಬಾ," ಅಂದ. ಮೆಟ್ಟಿಲಿಳಿದು ಎರಡು ಹೆಜ್ಜೆ ಹೋದವನು ತಿರುಗಿ ನಿಂತು, "ಜ್ವಾಕಿ. ನಡುದಾರ್ಯಾಗ ನಿಲ್ಲಿಸಿ ಗಿಲ್ಲಿಸೀ. ಮಾಮಾಗೂ ವಯಸ್ಸಾಗೈತಿ," ಎಂದು ಸೇರಿಸಿದ.

ಮಾಮಾಗೂ. ಕುಡಚಿಯ ಸೇತುವೆ ದಾಟುವವರೆಗೆ ಆ ಒಂದು 'ಗೂ' ರಾವಸಾಹೇಬನ ಹಲ್ಲಿನ ಸಂದಿಯಲ್ಲಿ ಸಿಕ್ಕಿಕೊಂಡೇ ಇತ್ತು. ಏನು ಅನ್ನಬೇಕಿತ್ತು ಅದಕ್ಕೆ? ಎಷ್ಟೋ ಉತ್ತರಗಳು ಈಗ ಬರುತ್ತಿದ್ದವು, ಒಂದಕ್ಕಿಂತ ಒಂದು ಚೂಪಾಗಿ. ಕೆಳಗೆ ಕೃಷ್ಣೆ ತಗ್ಗಿ ಹರಿಯುತ್ತಿತ್ತು, ದಂಡೆಯ ಮಳಲಿನಲ್ಲಿ ಯಾರದೋ ಎಮ್ಮೆಗಳು. ಇಂಜಿನ್ನಿನ ಸಪ್ಪಳದೊಳಗೆ ಇನ್ನೊಂದು ಸಪ್ಪಳಕ್ಕಾಗಿ ಅವನ ಕಿವಿ ಸದಾ ಚಾಚಿಕೊಂಡಿರುತ್ತಿತ್ತು ಈಗ. ಡ್ಯಾಶಿನ ಮೇಲಿನ ಕೆಂಪು ದೀಪ, ಆಲ್ಟರ್ನೇಟರ್ ಬ್ಯಾಟರಿಗೆ ಚಾರ್ಜ್ ಕೊಡುತ್ತಿಲ್ಲವೆಂದು ಹೇಳುವುದು, ರಾಯಬಾಗದ ಹತ್ತಿರ ಒಮ್ಮೆ ಮಿಣುಕಿತು, ಆರಿತು, ಮತ್ತೆ ಹತ್ತಿಕೊಂಡು ಉಳಿದುಬಿಟ್ಟಿತು. ಬಿಸಿಲಿಗೆ ಅದು ಸರಿಯಾಗಿ ಕಾಣುತ್ತಿರಲಿಲ್ಲ; ಅಂಗೈ ಅಡ್ಡ ಹಿಡಿದು ನೋಡಿದ. ಹತ್ತಿತ್ತು. ಇನ್ನು ಬ್ಯಾಟರಿಯಲ್ಲಿ ಇದ್ದಷ್ಟೇ. ಇಂಜಿನ್ ಬಂದ್ ಮಾಡಿದರೆ ಮತ್ತೆ ಚಾಲೂ ಆಗುವ ಖಾತ್ರಿ ಇಲ್ಲ. ಚಿಕ್ಕೋಡಿಯ ಪೇಟೆಯಲ್ಲಿ ಗಂಟಲು ಒಣಗಿ ನಿಲ್ಲಿಸಿದಾಗ ಬಂದ್ ಮಾಡದೆಯೇ ಇಳಿದ, ಗಾಡಿಗೆ ಆತುಕೊಂಡೇ ಚಹಾ ತರಿಸಿಕೊಂಡ. ಹೋಟೆಲಿನವನು ಗಲ್ಲಾಪೆಟ್ಟಿಗೆಯ ಹಿಂದಿನಿಂದಲೇ ಕೂಗಿದ, "ಅದನ್ನ ಬಂದ್ ಮಾಡ್ರಿ ಸಾಹೇಬ್ರ, ಭಜಿ ತಿನ್ನಾವರ ಮಾರಿಗೆಲ್ಲಾ ಹೊಗಿ ಹೊಂಟೈತಿ." ಬೆಂಚಿನ ಮೇಲಿದ್ದವರು ತಿರುಗಿ ನೋಡಿದರು. ರಾವಸಾಹೇಬ ಕೇಳಿಸದವನಂತೆ ಅರ್ಧ ಕುಡಿದ ಲೋಟವನ್ನು ಬಾನೆಟ್ಟಿನ ಮೇಲಿಟ್ಟು, ಗಾಡಿ ಹತ್ತಿ, ಲೋಟ ಅಲ್ಲಿಯೇ ಇದೆಯೆಂದು ನೆನಪಾಗಿ ಮತ್ತೆ ಇಳಿದು ಕೊಟ್ಟುಬಂದ. ಹಿಂದೆ ಯಾರೋ ನಕ್ಕರು. ಅವನನ್ನು ನೋಡಿಯೇ ನಕ್ಕರೆಂದು ಏನೂ ಇರಲಿಲ್ಲ.

ಅವತ್ತೂ ಬಂದ್ ಮಾಡು ಅಂದವನು ಅಣ್ಣನೇ. ಗೇಟು ಬಿದ್ದಿತ್ತು, ಮುಂದೆ ಕಬ್ಬಿನ ಬಂಡಿಗಳ ಸಾಲು. ಹಿಂದಿನ ಸೀಟಿನಲ್ಲಿ ಅವ್ವ ಸಾವಿತ್ರೆವ್ವನ ತೊಡೆಯ ಮೇಲೆ ತಲೆಯಿಟ್ಟು ಮಲಗಿದ್ದಳು, ಬಾಯಿ ತೆರೆದು ಗಾಳಿಯನ್ನು ಕಚ್ಚುವವಳ ಹಾಗೆ ಉಸಿರಾಡುತ್ತಿದ್ದಳು. "ಬಂದ್ ಮಾಡಲೇ, ಅವ್ವಗ ಹೊಗಿ ಆಗಂಗಿಲ್ಲ," ಅಂದ ಅಣ್ಣ. ರಾವಸಾಹೇಬ ಬಂದ್ ಮಾಡಿದ. ಮಾಲುಗಾಡಿ ಹೋಯಿತು, ಅದರ ಡಬ್ಬಿಗಳು ಮುಗಿಯಲೇ ಒಲ್ಲವು, ಗೇಟು ಎದ್ದಿತು, ಅವನು ಚಾವಿ ತಿರುಗಿಸಿದ. ಒಳಗೆ ಎಲ್ಲೋ ಕಟ್ ಎಂದಿತು, ಅಷ್ಟೇ. ಮತ್ತೊಮ್ಮೆ ಕಟ್. ಹಿಂದೆ ಹಾರ್ನುಗಳು. ಬಂಡಿಯವರು ಇಳಿದು ಬಂದು ನೂಕಿದರು. ಗೇಟಿನ ಕಡೆ ಏರು, ಗಾಡಿ ಎರಡು ಮಾರು ಹತ್ತುವುದು, ಗೇರಿಗೆ ಬಿಟ್ಟೊಡನೆ ಗಕ್ಕನೆ ನಿಲ್ಲುವುದು, ಪ್ರತಿ ಸಲ ಅವ್ವನ ತಲೆ ಅಲುಗಿ ಅವಳು ಸಣ್ಣದೊಂದು ಸ್ವರ ಮಾಡುವುದು. ಆ ಸ್ವರವನ್ನು ಅವನು ಯಾರಿಗೂ ಹೇಳಿರಲಿಲ್ಲ. ಕೊನೆಗೆ ಹಿಂದೆ ಬಂದ ಲಾರಿಯೊಂದನ್ನು ತರುಬಿ ಅವಳನ್ನು ಎತ್ತಿ ಹತ್ತಿಸಿದರು. ಲಾರಿಯಲ್ಲಿ ಅವನಿಗೆ ಜಾಗವಿರಲಿಲ್ಲ. ನಿಂತ ಗಾಡಿಯ ಸ್ಟೇರಿಂಗ್ ಹಿಡಿದುಕೊಂಡು, ಹಿಂದಿನವರ ಬೈಗುಳ ಕೇಳುತ್ತ, ಅವನು ಗೇಟಿನ ಈಚೆಯೇ ಉಳಿದಿದ್ದ. ಅವ್ವ ಮ್ಹೈಸಾಳ ದಾಟುವಾಗಲೇ ಹೋದಳಂತೆ. ದಿನಕರ್ಮದಲ್ಲಿ ಲಗಮಣ್ಣ ಮಾಮಾ ಮಂದಿಯ ನಡುವೆ ನಿಂತು ಅವನಿಗೆ ಕೈ ತೋರಿಸಿ ಹೇಳಿದ: "ನಮ್ಮಕ್ಕನ್ನ ಗೇಟಿನ್ಯಾಗ ಕೊಂದ್ಯೋ ರಾವ್ಯಾ." ಯಾರೂ ಹಾಗನ್ನಬೇಡಿ ಅನ್ನಲಿಲ್ಲ. ಅಣ್ಣ ಪಕ್ಕದಲ್ಲೇ ಇದ್ದ, ತಲೆ ತಗ್ಗಿಸಿ ಕೇಳಿಸಿಕೊಂಡ. ರಾವಸಾಹೇಬನೂ ತಲೆ ತಗ್ಗಿಸಿ ಕೇಳಿಸಿಕೊಂಡ. ಯಾಕೆ ಕೇಳಿಸಿಕೊಂಡೆ? ಗಾಡಿ ನಿಲ್ಲುವ ಹದಿನೈದು ದಿನ ಮುಂಚೆ ಅಥಣಿಗೆ ಒಯ್ದು ಆಲ್ಟರ್ನೇಟರ್ ಬಿಚ್ಚಿಸಿ, ಹೊಸ ತಂತಿ ಸುತ್ತಿಸಿ ತಂದವನು ಯಾರು? ಅದನ್ನು ಅಲ್ಲಿ ಒದರಿ ಹೇಳಬೇಕಿತ್ತು. ಆದರೆ ಅವ್ವನ ಎಡೆಯ ಎದುರಿಗೆ ಆಲ್ಟರ್ನೇಟರಿನ ಸುದ್ದಿ ಎತ್ತುವುದು ಹೇಗೆ.

ನಿಪ್ಪಾಣಿಯಲ್ಲಿ ಹೆದ್ದಾರಿಯ ಪಕ್ಕದ ಮುರಗೆಪ್ಪನ ಗ್ಯಾರೇಜಿಗೆ ಗಾಡಿ ತಂದು ನಿಲ್ಲಿಸಿದಾಗ ಗಾಳಿಯಲ್ಲಿ ತಂಬಾಕಿನ ಘಾಟು ತುಂಬಿತ್ತು. ಮುರಗೆಪ್ಪ ದೊಡ್ಡ ಮೈಯ, ಸಿಡುಕು ಮುಖದ ಮನುಷ್ಯ. ಯಾವುದೋ ಲಾರಿಯ ಕೆಳಗಿನಿಂದ ಎದ್ದು ಬಂದು, ಇವನ ಕಡೆ ನೋಡದೆ ಬಾನೆಟ್ಟಿನ ಕಡೆ ನೋಡಿದ.

"ಎಲ್ಲಿಂದ ಸೋರತೈತಿ?"

"ಕೆಳಗಿಂದ."

"ಕೆಳಗ ಬೀಳತೈತ್ರಿ. ಸೋರೂದು ಎಲ್ಲಿಂದ ಅಂತ ಕೇಳಿದೆ."

ರಾವಸಾಹೇಬನಿಗೆ ಸಿಟ್ಟು ಬರಬೇಕಿತ್ತು, ಬರಲಿಲ್ಲ. ಇಷ್ಟು ದಿನ ಆ ಪ್ರಶ್ನೆಯನ್ನು ಯಾರೂ ಕೇಳಿರಲಿಲ್ಲ. ಧರಣೇಂದ್ರ ಕೆಳಗೆ ಹಣಿಕಿ ನೋಡಿ ಸೀಲು ಹೋಗಿದೆ ಅಂದಿದ್ದ; ತಾನೂ ನಂಬಿದ್ದ. ಎಲ್ಲರೂ ಕಲೆಯನ್ನು ನೋಡಿದರು, ಮಾತಿಗೆ ಅಷ್ಟು ಸಾಕಾಗಿತ್ತು. "ಗೊತ್ತಿಲ್ಲ," ಅಂದ. "ಅದನ್ನ ತಿಳಕೊಳ್ಳಾಕ ಬಂದೇನಿ. ಚಾರ್ಜೂ ನಿಂದರತೈತಿ. ಯಾಕಂತ ತಿಳೀದ ಇವತ್ತ ನಾ ಇಲ್ಲಿಂದ ಏಳಂಗಿಲ್ಲ." ಅವನ ದನಿ ತಾನೆಣಿಸಿದ್ದಕ್ಕಿಂತ ಏರಿತ್ತು. ಮುರಗೆಪ್ಪ ಮೊದಲ ಸಲ ಅವನ ಮುಖ ನೋಡಿ, ಹಾಗಾದರೆ ಅಂಗಿ ಬಿಚ್ಚಿ ಬನ್ನಿ ಅಂದ.

ಇಬ್ಬರೂ ಸೇರಿ ಇಂಜಿನ್ ತೊಳೆದರು. ಡೀಸೆಲ್ಲಿನಲ್ಲಿ ಬ್ರಷ್ ಅದ್ದಿ ಅದ್ದಿ ವರ್ಷಗಳ ಕರಿ ಜಿಡ್ಡನ್ನು ಕೆರೆದರು, ಬಟ್ಟೆಯಿಂದ ಒರೆಸಿದರು, ಬಿಸಿಲಿಗೆ ಒಣಗಲು ಬಿಟ್ಟರು. ರಾವಸಾಹೇಬನ ಬನಿಯನ್ನು, ಮೊಣಕೈವರೆಗಿನ ರೋಮ ಎಲ್ಲ ಕಪ್ಪಾದವು. ಕಬ್ಬಿಣದ ನಿಜವಾದ ಬಣ್ಣ ಹೊರಗೆ ಬಂದಾಗ, ಅಷ್ಟು ವರ್ಷ ತಾನೇ ಹೊಡೆದ ಗಾಡಿಯ ಇಂಜಿನ್ನನ್ನು ಇಂದೇ ಕಂಡ ಹಾಗೆ ಅವನಿಗೆ ಅನ್ನಿಸಿತು. ಆಮೇಲೆ ಮುರಗೆಪ್ಪ ಸೀಮೆಸುಣ್ಣವನ್ನು ಅರೆದು, ಆ ಪುಡಿಯನ್ನು ಇಂಜಿನ್ನಿನ ಮೇಲೆಲ್ಲ ಅಂಗೈಯಲ್ಲಿ ಹಿಡಿದು ಊದಿ ಹರಡಿದ. ಬೇರೆ ಬ್ಯಾಟರಿಯಿಂದ ತಂತಿ ಕೊಟ್ಟು ಚಾಲೂ ಮಾಡಿಸಿದ. ಇಬ್ಬರೂ ಬಗ್ಗಿ ಕಾದರು. ಮೊದಲು ಏನೂ ಆಗಲಿಲ್ಲ. ಆಮೇಲೆ ಬಿಳಿಯ ಪುಡಿಯ ಮೇಲೆ, ಇಂಜಿನ್ನಿನ ನೆತ್ತಿಯ ಟ್ಯಾಪೆಟ್ ಕವರಿನ ಅಂಚಿನಲ್ಲಿ, ಕೂದಲೆಳೆಯಷ್ಟು ಕಪ್ಪು ಗೆರೆ ಮೂಡಿತು. ನೋಡುತ್ತಿದ್ದಂತೆ ಅದು ಕೆಳಗಿಳಿಯಿತು, ದಪ್ಪಗಾಯಿತು, ಬದಿಯಲ್ಲಿದ್ದ ಆಲ್ಟರ್ನೇಟರಿನ ಬೆನ್ನ ಮೇಲೆ ತೊಟ್ಟಾಗಿ ನಿಂತು, ಅದರ ಕಿಂಡಿಯೊಳಗೆ ಇಳಿಯಿತು. ಇನ್ನೊಂದು ಗೆರೆ ಹಿಂಬದಿಯಿಂದ ಕೆಳಗೆ ಹೊರಟಿತು.

"ಕಂಡಿರಿ? ಸೋರೂದು ತಲಿಯಿಂದ. ಬೀಳೂದು ಕಾಲಾಗ. ನಡುವ ಇದರ ಹೊಟ್ಟ್ಯಾಗ ಹೊಕ್ಕು ಹೊಂಟೈತಿ," ಎಂದು ಮುರಗೆಪ್ಪ ಆಲ್ಟರ್ನೇಟರನ್ನು ಬೆರಳಿನಿಂದ ಬಡಿದ. ಇಂಜಿನ್ ಬಂದ್ ಮಾಡಿ ಅದನ್ನು ಬಿಚ್ಚಿದಾಗ ಒಳಗಿನ ಕಾರ್ಬನ್ ತುಂಡುಗಳು ಎಣ್ಣೆ ಕುಡಿದು ತಮ್ಮ ಗೂಡಿನಲ್ಲೇ ಸಿಕ್ಕಿಬಿದ್ದಿದ್ದವು, ತಾಮ್ರದ ಉಂಗುರಗಳ ಮೇಲೆ ಕಾಡಿಗೆಯಂಥ ಮೆತ್ತೆ. "ಇದನ್ನ ವಾರಕ್ಕೊಮ್ಮೆ ಕಟ್ಟಿಸಿದರೂ ಅಷ್ಟರಿ. ಮ್ಯಾಲಿಂದ ಎಣ್ಣಿ ಬೀಳೂತನಕ ಇದು ಬದುಕಂಗಿಲ್ಲ. ಆದರ ನನಗೊಂದು ಬಗಿಹರೀವಲ್ತು. ಮ್ಯಾಲಿನ ಮುಚ್ಚಳದ ಪ್ಯಾಕಿಂಗ್ ಹೊಸಾದೈತಿ. ಸೀಲೂ ಹೊಸಾದೈತಿ. ಹೊಸಾದು ಯಾಕ ಸೋರತಾವು?"

ಅವನು ಇಂಜಿನ್ ಮತ್ತೆ ಚಾಲೂ ಮಾಡಿಸಿ, ಎಣ್ಣೆ ಹಾಕುವ ಬಾಯಿಯ ಮುಚ್ಚಳವನ್ನು ಸಡಿಲಿಸಿದ. ಮುಚ್ಚಳ ಅವನ ಕೈಯಲ್ಲೇ ಕುಣಿಯಿತು. ಫುಸ್ ಎಂದು ಬಿಸಿ ಹೊಗೆ ಎಣ್ಣೆಯ ತುಂತುರಿನೊಂದಿಗೆ ಹೊರಗೆ ಹಾರಿ ಅವನ ಹುಬ್ಬಿಗೆ ಬಡಿಯಿತು. ಮುರಗೆಪ್ಪ ಇಂಜಿನ್ ಬಂದ್ ಮಾಡಿಸಿ, ಒಂದು ಕೆಟ್ಟ ಮಾತು ಬೈದು, ಗಾಡಿಯ ಕೆಳಗೆ ನುಸುಳಿದ. ಇಂಜಿನ್ನಿನ ಒಳಗೆ ಹುಟ್ಟುವ ಹೊಗೆ ಹೊರಗೆ ಹೋಗಲೆಂದು ಬದಿಯಲ್ಲಿ ಒಂದು ಕೊಳವೆ ಕೆಳಗಿಳಿದಿರುತ್ತದೆ. ಅದರ ಬಾಯಿಗೆ ತಂತಿ ಹಾಕಿ ಎಳೆದ. ಬರಲಿಲ್ಲ. ತಿರುವಿ ಎಳೆದ. ಕರೀ ಮುದ್ದೆಯೊಂದು ಹೊರಗೆ ಬಂತು, ಹಿಡಿ ತುಂಬುವಷ್ಟು, ಎಣ್ಣೆಯಲ್ಲಿ ಬೆಂದು ಗಟ್ಟಿಯಾದದ್ದು.

"ಅರಿಬಿ! ಬಾಯಿಗಿ ಅರಿಬಿ ತುರುಕ್ಯಾರ್ರಿ. ಉಸುರ ಹೊರಗ ಹೋಗಾಕ ದಾರಿ ಇಲ್ಲ, ಸಂದಿ ಸಿಕ್ಕಲ್ಲೆಲ್ಲಾ ಎಣ್ಣೀನ ನೂಕೈತಿ. ಯಾರ್ರಿ ಇದನ್ನ ಮಾಡಿದ ಶಾಣ್ಯಾ?"

ರಾವಸಾಹೇಬನಿಗೆ ಮೊದಲು ಆದದ್ದು ಸಂತೋಷ. ಅಷ್ಟು ದೊಡ್ಡ ಸಂತೋಷ ತನ್ನೊಳಗೆ ಇನ್ನೂ ಹಿಡಿಸುತ್ತದೆಂದು ಅವನಿಗೆ ಗೊತ್ತಿರಲಿಲ್ಲ. ನಾನಲ್ಲ. ನಾನು ಹೊಡೆಯುವ ರೀತಿಯಲ್ಲ, ನನ್ನ ನಿರ್ಲಕ್ಷ್ಯವಲ್ಲ. ಅವನು ಆ ಮುದ್ದೆಯನ್ನು ಇಸಿದುಕೊಂಡು ಡೀಸೆಲ್ಲಿನ ಡಬ್ಬಿಯಲ್ಲಿ ಅದ್ದಿ ಹಿಂಡಿದ, ಮತ್ತೆ ಅದ್ದಿದ. ಬಟ್ಟೆ ಬಿಚ್ಚಿಕೊಂಡಿತು. ಹಸಿರು. ಹಸಿರಿನ ಅಂಚಿಗೆ ಎರಡು ಬೆರಳಿನಷ್ಟು ಕೆಂಪು ದಡಿ. ಅವನ ಕೈ ಡಬ್ಬಿಯೊಳಗೇ ನಿಂತಿತು. ಅವ್ವನ ಸೀರೆ. ಅವಳು ಮುದುಕಿಯಾದ ಮೇಲೆ ಮನೆಯಲ್ಲಿ ಉಡುತ್ತಿದ್ದ ನೂಲಿನ ಸೀರೆ, ಹರಿದ ಮೇಲೆ ಗಾಡಿ ಒರೆಸಲು ಸೀಟಿನಡಿ ತುಂಡು ಮಾಡಿ ಇಟ್ಟದ್ದು. ಮತ್ತು ಅದರ ಹಿಂದೆಯೇ, ಯಾರೂ ಕರೆಯದೆ, ಆ ಮಧ್ಯಾಹ್ನ ಬಂತು: ರಾಯಬಾಗದ ಲಗ್ನ ಮುಗಿಸಿ ಬರುವಾಗ ಅವ್ವ ದಾರಿಯಲ್ಲಿ ವಾಂತಿ ಮಾಡಿಕೊಂಡದ್ದು, "ಈ ಹೊಗಿ ನನ್ನ ಹೊಟ್ಟ್ಯಾಗ ತಿರುವತೈತ್ಯೋ," ಎಂದು ಗಿಡದ ಕೆಳಗೆ ಕುಳಿತದ್ದು, ಅವನು ಬಾವಿಗೆ ನೀರು ತರಲು ಹೋದದ್ದು. ತಿರುಗಿ ಬಂದಾಗ ಬಾಬಾಸಾಹೇಬ ಗಾಡಿಯ ಕೆಳಗಿನಿಂದ ಏಳುತ್ತಿದ್ದ. ಜನ್ಮದಲ್ಲಿ ಬಾನೆಟ್ ಎತ್ತದ ಅಣ್ಣ. ಬಿಳೀ ಧೋತರದ ತುಂಬ ಎಣ್ಣೆ, ಮುಖದಲ್ಲಿ ಚಿಕ್ಕ ಹುಡುಗನ ಹಿಗ್ಗು. "ಇನ್ನ ಹೊಗಿ ಬರಂಗಿಲ್ಲ ನೋಡವ್ವ." ನಿಜವಾಗಿಯೂ ಬರಲಿಲ್ಲ. ಅವ್ವ ಮನೆ ಮುಟ್ಟುವವರೆಗೆ ಹೊಗಳಿದಳು. "ಹಿರ್ಯಾನ ಬುದ್ಧಿ ಹಿರ್ಯಾಂದ. ರಾವ್ಯಾ ಇಷ್ಟ ವರ್ಷ ಹೊಡದಾನ, ಅವಗ ಹೊಳೀಲಿಲ್ಲ ನೋಡ." ಅಣ್ಣ ಏನು ಮಾಡಿದ ಎಂದು ಅವನು ಕೇಳಬಹುದಿತ್ತು. ಅಡಿಯ ಹಲಗೆಯ ತೂತು ಮುಚ್ಚಿರಬೇಕು ಅಂದುಕೊಂಡ. ಸಿಟ್ಟಿಗೆ ಬಗ್ಗಿ ನೋಡಲಿಲ್ಲ. ಅಣ್ಣ ಮಾಡಿದ ಕೆಲಸವನ್ನು ಪರೀಕ್ಷೆ ಮಾಡಿದರೆ ಹೊಟ್ಟೆಕಿಚ್ಚು ಅಂದಾರು ಎಂದು ನೋಡಲಿಲ್ಲ.

"ಯಾರು ಅಂದೆ?" ಮುರಗೆಪ್ಪ ಮತ್ತೆ ಕೇಳಿದ.

"ನಮ್ಮ ಮನ್ಯಾವರ."

ಬಟ್ಟೆಯನ್ನು ಒಯ್ಯಬೇಕೋ ಬೇಡವೋ ಎಂದು ಅವನು ಬಹಳ ಹೊತ್ತು ಡಬ್ಬಿಯ ಬಳಿ ಕುಳಿತ. ತನ್ನ ಮನೆಯಲ್ಲಿ ತನ್ನ ಮಾತಿಗೆ ಸಾಕ್ಷಿ ತೋರಿಸಬೇಕೇ? ಹಾಗೆ ತೋರಿಸಿ ನಂಬಿಸಬೇಕಾದರೆ ಅದು ಮನೆಯೇ ಅಲ್ಲ, ಕೋರ್ಟು ಕಚೇರಿ. ಗ್ಯಾರೇಜಿನ ಹಿಂದೆ ಬಟ್ಟೆಯನ್ನು ತಾನೇ ಕಡ್ಡಿ ಗೀರಿ ಸುಟ್ಟ. ಅದು ಬೇಗ ಹತ್ತಿಕೊಂಡಿತು, ಕರೀ ಹೊಗೆ ಬಿಟ್ಟು ಉರಿಯಿತು. ಆಲ್ಟರ್ನೇಟರ್ ತೊಳೆದು, ಹೊಸ ಕಾರ್ಬನ್ ಹಾಕಿ, ಪ್ಯಾಕಿಂಗ್ ಕೂರಿಸಿ ಮುರಗೆಪ್ಪ ಗಾಡಿ ಬಿಟ್ಟುಕೊಟ್ಟಾಗ ಬಿಸಿಲು ಇಳಿದಿತ್ತು. ಕೆಂಪು ದೀಪ ಆರಿತ್ತು. ಆರಿಯೇ ಉಳಿಯಿತು.

ಬೋರಗಾಂವದಲ್ಲಿ ಲಗಮಣ್ಣ ಮಾಮಾ ಮಗ್ಗಗಳ ಗದ್ದಲದ ನಡುವಿನ ಮನೆಯ ಕಟ್ಟೆಯ ಮೇಲೆ ತಲೆಗೆ ಪಟಗ ಸುತ್ತಿಕೊಂಡು ತಯಾರಾಗಿಯೇ ಕುಳಿತಿದ್ದ. ಹತ್ತುವ ಮೊದಲು ಗಾಡಿಯ ಸುತ್ತ ಒಂದು ಸುತ್ತು ಬಂದ, ಎತ್ತು ಕೊಳ್ಳುವವನ ಹಾಗೆ.

"ಮುಟ್ಟಸ್ತೀಯೇನಲೇ? ಇಲ್ಲಾ ನನಗೂ ಎಲ್ಲೆರೆ ಗೇಟ್ ನೋಡಿಟ್ಟೀಯೋ?"

"ಹತ್ರಿ ಮಾಮಾ."

"ಬಾಬಾಸಾಹೇಬ ಹೊಸಾ ಗಾಡಿ ತರೂಣಂತಾನ, ಡ್ರೈವರನೂ ಇಡೂಣಂತಾನ. ನಾ ಅಂದೆ, ಹಂಗ ಮಾಡಪಾ. ಜೀವದ ಪ್ರಶ್ನೆ."

ರಾವಸಾಹೇಬ ಗಾಡಿ ಹೊರಡಿಸಿದ. ಬಟ್ಟೆಯ ಸಂಗತಿ ಹೇಳಿದರೆ ಅಣ್ಣನಿಗೇ ಮೊದಲು ಹೇಳಬೇಕು, ಒಬ್ಬನೇ ಸಿಕ್ಕಾಗ, ದ್ರಾಕ್ಷಿ ಪಡದ ಸಾಲಿನಲ್ಲಿ ಎಲ್ಲೋ. ಮುಖ ಹೇಗಾಗುತ್ತದೋ ಏನೋ. ಅವ್ವನನ್ನು ಸುಡುವಾಗ ಆ ಮುಖ ಬೂದಿಯ ಬಣ್ಣಕ್ಕೆ ತಿರುಗಿದ್ದು ಅವನಿಗೆ ಮರೆತಿರಲಿಲ್ಲ. ಪ್ರೀತಿಯಿಂದ ಮಾಡಿದ ಕೆಲಸ. ಅದಕ್ಕೆ ಕೊಲೆಯೆಂಬಷ್ಟು ದೊಡ್ಡ ಹೆಸರು ಇಡುವುದೇ? ಹೀಗೆ ಅಂದುಕೊಳ್ಳುತ್ತಿದ್ದಂತೆಯೇ ಒಳಗಿನಿಂದ ಇನ್ನೊಂದು ದನಿ, ಮತ್ತೆ ನನಗೆ ಇಟ್ಟರಲ್ಲ, ಅಂದಿತು. ಕುಡಚಿಯ ಈಚೆ ಗೇಟು ಬಿದ್ದಿತ್ತು. ರಾವಸಾಹೇಬ ಸಾಲಿನಲ್ಲಿ ನಿಲ್ಲಿಸಿ, ಚಾವಿ ತಿರುಗಿಸಿ ಇಂಜಿನ್ ಬಂದ್ ಮಾಡಿದ.

"ಏ, ಬಂದ್ ಯಾಕ ಮಾಡಿದ್ಯೋ? ತಲಿ ಕೆಟ್ಟೈತೇನ?" ಮಾಮಾ ಎರಡೂ ಕೈಯಿಂದ ಮುಂದಿನ ಸರಳನ್ನು ಹಿಡಿದುಕೊಂಡ.

ರೈಲು ಹೋಯಿತು. ಗೇಟು ಎದ್ದಿತು. ಒಂದೇ ತಿರುವಿಗೆ ಇಂಜಿನ್ ಎದ್ದಿತು, ಎಷ್ಟು ಸಲೀಸಾಗಿ ಎದ್ದಿತೆಂದರೆ ರಾವಸಾಹೇಬ ಚಾವಿಯಿಂದ ಕೈ ತೆಗೆಯುವುದನ್ನೇ ಮರೆತ. ಇಷ್ಟೇ ಆಗಬೇಕಿತ್ತು ಅವತ್ತು. ಇಷ್ಟೇ. ಮುಂದಿನ ಗಾಡಿ ಸರಿದು ಎಷ್ಟೋ ಹೊತ್ತಾದರೂ ಅವನು ಗೇರು ಹಾಕದ್ದನ್ನು ಕಂಡು ಮಾಮಾ, "ಈಗ ನಡೀ ಮತ್ತ," ಅಂದ. ಅವನ ದನಿ ಮಾತ್ರ ಸ್ವಲ್ಪ ಇಳಿದಿತ್ತು.

ಮನೆ ಮುಟ್ಟಿದಾಗ ದೀಪ ಹಚ್ಚುವ ಹೊತ್ತು. ಪಡಸಾಲೆಯಲ್ಲಿ ಜಮಖಾನೆ ಹಾಸಿತ್ತು. ಬಾಬಾಸಾಹೇಬ ಎದ್ದು ಬಂದು ಮಾಮಾನ ಕಾಲು ಮುಟ್ಟಿದ, ಲೋಡಿಗೆ ಒರಗಿಸಿ ಕೂರಿಸಿದ. ಸಾವಿತ್ರೆವ್ವ ನೀರು ತಂದಿಟ್ಟು ಬಾಗಿಲ ಬಳಿ ನಿಂತಳು. ಟಾಕಿ ಎಲ್ಲಿ ಕಟ್ಟಿಸಬೇಕು, ಅದರ ಮೇಲೆ ಹೆಸರು ಹೇಗೆ ಬರೆಸಬೇಕು ಎಂಬ ಮಾತು ನಡೆಯಿತು. ಅವ್ವನ ಹೆಸರು ಬಂದಾಗ ಮಾಮಾ ಕಣ್ಣೊರೆಸಿಕೊಂಡ. ಬಾಬಾಸಾಹೇಬನೂ ಧೋತರದ ಚುಂಗನ್ನು ಮೂಗಿಗೆ ಹಿಡಿದ. "ಇನ್ನೂ ನಾಕ ವರ್ಷ ಇರ್ತಿದ್ಲರಿ ಮಾಮಾ," ಅಂದ. "ಡಾಕ್ಟರ ಹೇಳಿದನಲ್ಲ. ಮನ್ಯಾಗ ಒಂದ ಗಾಡಿ ಇದ್ದು, ಅದನ್ನ ನೋಡಿಕೊಳ್ಳಾಕ ಒಬ್ಬ ಮನಶ್ಯಾ ಇದ್ದು, ಹಿಂಗ ಆತು. ನಾ ಯಾರಿಗಿ ಏನ ಅನ್ನಲಿ."

ರಾವಸಾಹೇಬ ಕಂಬದ ಬಳಿ ಕುಳಿತಿದ್ದ. ಎದ್ದದ್ದು ಯಾವಾಗ ಎಂದು ಅವನಿಗೇ ತಿಳಿಯಲಿಲ್ಲ.

"ಅಣ್ಣಾ, ರಾಯಬಾಗದ ಲಗ್ನದಿಂದ ಬರುಮುಂದ ಗಾಡೀ ಕೆಳಗ ಹೋಗಿ ಏನ ಮಾಡಿದಿ?"

"ಯಾವಾಗ?"

"ಅವ್ವ ವಾಂತಿ ಮಾಡಿಕೊಂಡಿದ್ಲಲ್ಲ. ಆವತ್ತ."

ಬಾಬಾಸಾಹೇಬ ನೆನಪು ಮಾಡಿಕೊಂಡ. ಮುಖ ಕೊಂಚ ಸಡಿಲವಾಯಿತು, ಆ ದಿನದ ಹಿಗ್ಗಿನ ನೆರಳು ಸುಳಿಯಿತು. "ಹೊಗಿ ಬರ್ತಿತ್ತಲ್ಲ ಒಂದ ಪೈಪಿನ್ಯಾಗಿಂದ, ಅದಕ್ಕ ಅರಿಬಿ ಇಟ್ಟೆ. ಯಾಕ?"

ಆಗ ರಾವಸಾಹೇಬ ಹೇಳಿದ. ಸೀಮೆಸುಣ್ಣದ ಪುಡಿಯ ಮೇಲೆ ಬಂದ ಗೆರೆಯನ್ನು, ಅದು ಇಳಿದ ದಾರಿಯನ್ನು, ಎಣ್ಣೆ ಕುಡಿದ ಕಾರ್ಬನ್ನನ್ನು, ಕೈಯಲ್ಲಿ ಕುಣಿದ ಮುಚ್ಚಳವನ್ನು, ಹಸಿರು ಬಟ್ಟೆಯ ಕೆಂಪು ದಡಿಯನ್ನು. ತಡವರಿಸಲಿಲ್ಲ. ಎರಡು ಸಲ ಸೀಲು ಹಾಕಿಸಿದ್ದನ್ನು, ಹದಿನೈದು ದಿನ ಮುಂಚೆ ಅಥಣಿಗೆ ಹೋಗಿದ್ದನ್ನು, ದಿನಕರ್ಮದಲ್ಲಿ ನುಂಗಿದ್ದನ್ನೆಲ್ಲ ಹೇಳಿದ. ತಾನೂ ಬಗ್ಗಿ ನೋಡಲಿಲ್ಲ ಎಂದೂ, ಯಾಕೆ ನೋಡಲಿಲ್ಲ ಎಂದೂ ಹೇಳಿದ. ಹೇಳಿ ಮುಗಿದಾಗ ಮೈಯೆಲ್ಲ ಬೆವತಿತ್ತು. ಬಾಬಾಸಾಹೇಬನ ಬಾಯಿ ಅರ್ಧ ತೆರೆದಿತ್ತು. ಅವನು ಮಾಮಾನನ್ನು ನೋಡಿದ, ಬಾಗಿಲ ಬಳಿಯ ಸಾವಿತ್ರೆವ್ವನನ್ನು ನೋಡಿದ, ತನ್ನ ಅಂಗೈ ನೋಡಿಕೊಂಡ.

"ಅವ್ವಗ ವಾಸನೀ ಆಗ್ತಿರಲಿಲ್ಲ," ಅಂದ. ದನಿ ಒಡೆದಿತ್ತು. "ಆಗ್ತಿರಲಿಲ್ಲಲ್ಲೋ ಆಕೀಗಿ."

ಲಗಮಣ್ಣ ಮಾಮಾ ಲೋಡು ಬಿಟ್ಟು ಮುಂದೆ ಸರಿದು ಬಂದ. ಅಳಿಯನ ಬೆನ್ನ ಮೇಲೆ ಕೈಯಿಟ್ಟು, ಕರುವನ್ನು ನೀವುವ ಹಾಗೆ ಮೇಲಿಂದ ಕೆಳಗೆ ನೀವಿದ.

"ಹೋಗ್ಲಿ ಬಿಡೋ ಬಾಬಾಸಾಹೇಬ, ಮನಸಿಗಿ ಹಚ್ಚಿಕೋಬ್ಯಾಡ," ಅಂದ. "ಆಕೀ ಆಯುಷ್ಯ ಅಷ್ಟ ಇತ್ತು. ಗಾಡಿ ಬೇಕಂತ ನಿಂತೀತೇನ? ಮಿರಜ ಮುಟ್ಟಿದ್ದರೂ ಆಕೀ ಉಳೀತಿರಲಿಲ್ಲ. ಯಾರ ಕೈಯಾಗ ಏನೈತಿ ಹೇಳು."

ಎಷ್ಟು ಮೆತ್ತಗಿನ ದನಿ. ಎಷ್ಟು ಬೇಗ ಬಂತು ಆ ಮಾತು, ಹುಡುಕಬೇಕಾಗಿಯೂ ಇರಲಿಲ್ಲ, ನಾಲಗೆಯ ತುದಿಯಲ್ಲೇ ಇತ್ತು. ಅವ್ವ ಹೋದಂದಿನಿಂದ ಈ ಮನೆಗೆ ಬಂದು ಹೋದವರಲ್ಲಿ ಒಬ್ಬನಾದರೂ ಅಂದಾನೇ ಎಂದು ರಾವಸಾಹೇಬ ಕಿವಿಯೊಡ್ಡಿ ಕಾದದ್ದು ಇದೇ ಮಾತಿಗೆ. ಇದರ ಅರ್ಧ ಸಿಕ್ಕಿದ್ದರೂ ಅವನು ರಾತ್ರಿ ಮಲಗುತ್ತಿದ್ದ.

"ಮಾಮಾ," ಅಂದ.

"ಏನ?"

"ಈ ಮಾತ ನನಗ ಯಾಕ ಹೇಳಲಿಲ್ಲ?"

ಮಾಮಾನ ಕೈ ಅಣ್ಣನ ಬೆನ್ನ ಮೇಲೆ ನಿಂತಿತು. ಬಾಬಾಸಾಹೇಬ ತಲೆ ಎತ್ತಲಿಲ್ಲ. ಯಾರೋ ಹೊರಗೆ ಎಮ್ಮೆಗೆ ಹೊಟ್ಟು ಕಲಸುತ್ತಿದ್ದರು. "ಈಗ ಅದನ್ನ ಯಾಕ ತಗೀತಿ, ಕೂಡು," ಅಂದ ಮಾಮಾ, "ಎಲ್ಲಾ ತಿಳೀತಲ್ಲ, ಕೂಡೋ ರಾವ್ಯಾ." ಸಾವಿತ್ರೆವ್ವ ಬಾಗಿಲು ಬಿಟ್ಟು ಪಡಸಾಲೆಯೊಳಗೆ ಒಂದು ಹೆಜ್ಜೆ ಬಂದು ನಿಂತಳು. ರಾವಸಾಹೇಬ ಕೂಡಲಿಲ್ಲ. "ಯಾಕ ಹೇಳಲಿಲ್ಲ ಅಂತ ಕೇಳೇನಿ," ಎಂದು ಇನ್ನೊಮ್ಮೆ, ಮೊದಲಿಗಿಂತ ಮೆಲ್ಲಗೆ ಅಂದು, ಉತ್ತರಕ್ಕಾಗಿ ನಿಂತೇ ಇದ್ದ.